ಬುಡದಲ್ಲಿ ಇದ್ದಿಲಿಲ್ಲದ ಕಲ್ಲು

ಜಮೀನಿನ ಗಡಿಗೆ ಬಾಂದು ಕಲ್ಲು ನೆಡುವಾಗ ಗುಂಡಿಯ ತಳಕ್ಕೆ ಒಂದು ಹಿಡಿ ಇದ್ದಿಲು ಹಾಕುವುದು ನಾನು ಕೆಲಸ ಕಲಿತ ಹಿರಿಯರ ಪದ್ಧತಿ. ಮರದ ಗೂಟ ಗೆದ್ದಲಿಗೆ ಹೋಗುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ಇದ್ದಿಲು ಮಾತ್ರ ಮಣ್ಣಿನೊಳಗೆ ಹಾಗೇ ಇರುತ್ತದೆ. ನಾಳೆ ಯಾರಾದರೂ ಕಲ್ಲು ಕಿತ್ತು ನಾಲ್ಕು ಮಾರು ಆಚೆ ನೆಟ್ಟರೆ ಅಗೆದು ನೋಡಿದರಾಯಿತು. ಬುಡದಲ್ಲಿ ಇದ್ದಿಲು ಇದ್ದರೆ ಅದು ಗಡಿ, ಇಲ್ಲದಿದ್ದರೆ ಸುಳ್ಳು. ಯಾವ ಕಾನೂನಿನ ಪುಸ್ತಕದಲ್ಲೂ ನಾನು ಇದನ್ನು ಓದಿಲ್ಲ. ಆದರೆ ಸರ್ವೆ ಕೆಲಸದ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ನಾನು ಪುಸ್ತಕಕ್ಕಿಂತ ಹೆಚ್ಚು ನಂಬಿದ್ದು ಆ ಒಂದು ಹಿಡಿ ಇದ್ದಿಲನ್ನೇ. ಅದೇ ಕೊನೆಗೆ ನನ್ನ ಮುಖಕ್ಕೂ ಮೆತ್ತಿತು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಶಿಕಾರಿಪುರ ಮತ್ತು ಸೊರಬದ ಬಾಕಿ ಅಳತೆಗಳನ್ನು ಮುಗಿಸಲೆಂದು ಒಂದು ತಾತ್ಕಾಲಿಕ ತಂಡ ಮಾಡಿದ್ದರು. ಈಗ ಆ ತಂಡ ಇಲ್ಲ, ಅದು ಕೂತಿದ್ದ ಬಾಡಿಗೆ ಕಟ್ಟಡಗಳೂ ಇಲ್ಲ. ಅಣ್ಣತಮ್ಮಂದಿರ ಹಿಸ್ಸೆ ಬಿಡಿಸುವುದು, ಒತ್ತುವರಿ ತಕರಾರು, ಸರ್ಕಾರಿ ಜಾಗ ಉಳುತ್ತಿದ್ದವರ ಬಗರ್ ಹುಕುಂ ಅರ್ಜಿ, ಎಲ್ಲವೂ ನಮ್ಮ ತಲೆಗೆ. ಒಂದು ಅರ್ಜಿ ಮುಗಿಸಿ ಕಚೇರಿಗೆ ಬಂದರೆ ಬಾಗಿಲಲ್ಲಿ ಮೂರು ಅರ್ಜಿ ನಿಂತಿರುತ್ತಿದ್ದವು. ಅಳತೆಯ ಸರಪಳಿಯವರು ಬಂದರು ಅಂದರೆ ಹಳ್ಳಿಯಲ್ಲಿ ಮದುವೆಗೆ ಸೇರಿದಷ್ಟು ಜನ ಸೇರುತ್ತಿದ್ದರು, ಆದರೆ ಊಟ ಹಾಕುವ ಮುಖ ಯಾರಿಗೂ ಇರುತ್ತಿರಲಿಲ್ಲ.

ತಂಡ ಮೊದಲು ಶಿಕಾರಿಪುರದಲ್ಲಿತ್ತು. ನನ್ನ ಕೈಕೆಳಗೆ ನಾಲ್ಕು ಸರ್ವೆಯರುಗಳು, ನನ್ನ ಮೇಲೆ ಒಬ್ಬ ಹಿರಿಯ ಸಾಹೇಬರು. ಯಜಮಾನಿಕೆ ಅಂದರೆ ಎಲ್ಲವನ್ನೂ ತಾನೇ ಹೊರುವುದು ಎಂದು ನಾನು ತಿಳಿದಿದ್ದೆ. ಒಬ್ಬನಿಗೆ ಜ್ವರ ಬಂದರೆ ಅವನ ಅಳತೆ ನಾನು ಮಾಡುವುದು, ಇನ್ನೊಬ್ಬನ ನಕ್ಷೆ ಕೂಡದಿದ್ದರೆ ನಾನು ಕೂತು ತಿದ್ದುವುದು. ಬೆಳಗಿನ ತಿಂಡಿ ಬಸ್ಸಿನಲ್ಲಿ, ಮಧ್ಯಾಹ್ನದ ಊಟ ಯಾವುದೋ ಬದುವಿನ ಮೇಲೆ, ಭಾನುವಾರ ಅಂಗಳದಲ್ಲಿ ಅರ್ಜಿದಾರರು. ನನ್ನ ಹೆಂಡತಿ ಆಗ ಒಂದು ಮಾತು ಹೇಳುತ್ತಿದ್ದಳು: "ಊರಿನ ಗಡಿ ಎಲ್ಲಾ ಅಳೀರಿ, ನಿಮ್ದು ಎಲ್ಲಿ ಅಂತ ಮಾತ್ರ ಗೊತ್ತಿಲ್ಲ." ನಾನು ನಕ್ಕು ಛತ್ರಿ ತಗೊಂಡು ಹೊರಡುತ್ತಿದ್ದೆ. ಹೊಗಳಿಕೆಯ ರುಚಿ ಹತ್ತಿದವನಿಗೆ ಹೆಂಡತಿಯ ಮಾತು ಕೇಳಿಸುವುದಿಲ್ಲ.

ನಾನು ಬಿದ್ದದ್ದು ತೊಗರ್ಸಿಯ ಹತ್ತಿರ, ಒಂದು ಮಾರ್ಚ್ ತಿಂಗಳ ಹಗಲು. ಉದ್ದದ ಹೊಲ. ಸರಪಳಿ ಎಳೆಯುತ್ತಾ ಎಷ್ಟು ಸರಪಳಿ ಆಯಿತೆಂದು ಎಣಿಸಿ ಬರೆದುಕೊಳ್ಳುವುದು ಸರ್ವೆಯರ್ ಕೆಲಸ. ಏಳರವರೆಗೆ ಎಣಿಸಿದೆ. ಏಳರ ಮುಂದೆ ಏನು ಎಂದು ಹೊಳೆಯಲಿಲ್ಲ. ಮರೆತೆ ಅಂತಲ್ಲ, ಎಂಟು ಅನ್ನುವ ಅಂಕಿ ನನಗೆ ಗೊತ್ತು, ಆದರೆ ಅದು ನನ್ನ ಕೆಲಸಕ್ಕೆ ಬರಲೊಲ್ಲದು. ವಾಪಸ್ಸು ಹೋಗಿ ಮೊದಲಿನಿಂದ ಎಳೆಸಿದೆ. ಮತ್ತೆ ಏಳಕ್ಕೆ ನಿಂತಿತು. ಮೂರನೆಯ ಸಲ ಜನ ಗುಸುಗುಸು ಶುರು ಮಾಡಿದರು. ನಾಲ್ಕನೆಯ ಸಲ ನಾನು ಸರಪಳಿಯ ಪಕ್ಕದಲ್ಲೇ ಕೂತುಬಿಟ್ಟೆ. ಒಬ್ಬ ಮುದುಕಿ ಮಜ್ಜಿಗೆ ತಂದುಕೊಟ್ಟು, "ಬಿಸ್ಲು ಹೊಡ್ದೈತಿ, ಪಾಪ, ಯಾರೂ ಮಾತಾಡಿಸ್ಬ್ಯಾಡ್ರಿ" ಅಂದಳು. ಆವತ್ತು ಅಷ್ಟು ಜನರ ಎದುರಿಗೆ ನನ್ನ ಕಣ್ಣಲ್ಲಿ ನೀರು ಬಂತು. ಆ ಮಜ್ಜಿಗೆ ಲೋಟ ಹಿಡಿದುಕೊಂಡಾಗಿನ ನಾಚಿಕೆ ಈಗಲೂ ನನಗೆ ಹೋಗಿಲ್ಲ.

ಡಾಕ್ಟರು ಬಿಪಿ ನೋಡಿದರು, ಸರಿಯಿತ್ತು. ಸಕ್ಕರೆ ನೋಡಿದರು, ಅದೂ ಸರಿಯಿತ್ತು. ಟಾನಿಕ್ ಬರೆದುಕೊಟ್ಟರು. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೆಂಡತಿಯ ಮೇಲೆ ಕೂಗಾಡಿ, ಆಮೇಲೆ ಬಚ್ಚಲಿಗೆ ಹೋಗಿ ಅಳುತ್ತಿದ್ದೆ. ನಕ್ಷೆಯ ಸುರುಳಿ ಕಂಡರೆ ಎದ್ದು ಹೊರಗೆ ಹೋಗುತ್ತಿದ್ದೆ. ಇದಕ್ಕೊಂದು ಹೆಸರಿದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಕಡೆ ಕೆಲಸ ಹೆಚ್ಚಾಗಿ ಸತ್ತವರಿಲ್ಲ ಎಂಬ ಮಾತಿದೆ. ಸತ್ತವರು ಎದ್ದು ಬಂದು ಹೇಳುವುದಿಲ್ಲವಲ್ಲ, ಹಾಗಾಗಿ ಆ ಮಾತು ಉಳಿದುಕೊಂಡಿದೆ.

ಎರಡು ವಾರ ಬಿಟ್ಟು ಹಿರಿಯ ಸಾಹೇಬರು ಮನೆಗೆ ಬಂದರು. ಕಾಫಿ ಕುಡಿದು, ಜೇಬಿನಿಂದ ಒಂದು ಬೀಗದ ಕೈ ತೆಗೆದು ನನ್ನ ಮುಂದೆ ಇಟ್ಟರು.

"ರೆಕಾರ್ಡ್ ರೂಮಿಂದು. ನೋಡಿಕೊಳ್ಳೋರು ಯಾರೂ ಇಲ್ಲ. ನಾಳೆಯಿಂದ ನೀನು ಅಲ್ಲಿ ಕೂತ್ಕೊ. ಆರು ತಿಂಗಳು ಹೊಲ ಇಲ್ಲ, ಜನ ಇಲ್ಲ. ಹರಿದ ಹಾಳೆ ಅಂಟಿಸ್ತಾ ಇರು."

"ನನ್ನ ಅಳತೆಗಳು ಸಾರ್?"

"ಅದು ನಿನಗ್ಯಾಕೆ? ಅಳೆಯೋ ಭೂಮಿ ಎಲ್ಲೂ ಓಡಿಹೋಗಲ್ಲ."

ಆ ರೂಮು ಹನ್ನೆರಡು ಅಡಿ ಉದ್ದ ಇದ್ದೀತು. ಒಂದೇ ಕಿಟಕಿ. ಹಿಂದಿನ ಕಾಲದವರು ಅಳೆದು ಬರೆದಿಟ್ಟ ಟಿಪ್ಪಣಿಗಳ ನಕಲುಗಳು, ಊರಿಗೊಂದು ಕಟ್ಟು. ಟಿಪ್ಪಣಿ ಅಂದರೆ ಒಂದೊಂದು ಸರ್ವೆ ನಂಬರಿನ ಮೂಲ ಅಳತೆಯ ಚಿತ್ರ, ನಮ್ಮ ಇಡೀ ಕಸುಬಿನ ತಾಯಿಬೇರು. ಮೈದಾ ಅಂಟಿಗೆ ಹುಳ ಹಿಡಿಯಬಾರದೆಂದು ಚೂರು ಮೈಲುತುತ್ತ ಹಾಕಿ, ಹರಿದ ಅಂಚಿಗೆ ತೆಳು ಬಟ್ಟೆ ಅಂಟಿಸಿ, ಮೇಲೆ ಇಟ್ಟಿಗೆ ಹೇರಿ ಒಣಗಿಸುತ್ತಿದ್ದೆ. ದಿನಕ್ಕೆ ಹತ್ತು ಹಾಳೆ, ಹದಿನೈದು ಹಾಳೆ. ಯಾರೂ "ನಮ್ದು ಯಾವಾಗ್ರೀ?" ಎಂದು ಕೇಳುತ್ತಿರಲಿಲ್ಲ. ಮೊದಲ ತಿಂಗಳು ಬರೀ ನಿದ್ದೆ ತೂಗುತ್ತಿದ್ದೆ. ಎರಡನೆಯ ತಿಂಗಳು ಹಸಿವು ಬಂತು. ಮಳೆಗಾಲದ ನಡುವೆ ಒಂದು ದಿನ ಹಾಳೆ ಎಣಿಸುತ್ತಾ ಎಪ್ಪತ್ತು ದಾಟಿದ್ದೆ, ದಾಟಿದ ಮೇಲೆ ಗೊತ್ತಾಯಿತು. ಆ ದಿನ ಮನೆಗೆ ಹೋಗುವಾಗ ಹೆಂಡತಿಗೆ ಮಲ್ಲಿಗೆ ಹೂವು ಒಯ್ದೆ. ಅವಳು ಹೂವನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡಿದಳು.

ನಾನು ಹುಷಾರಾದದ್ದು ಹೀಗೆ. ಇದರಲ್ಲಿ ದೊಡ್ಡ ಶಾಸ್ತ್ರವೇನೂ ಇಲ್ಲ. ಒಂದು ಬಾಗಿಲು, ಆರು ತಿಂಗಳು, ಮತ್ತು ನನ್ನ ಪಾಲಿನದನ್ನು ಹೊರಲು ಇನ್ನೊಬ್ಬರು. ಆ ಇನ್ನೊಬ್ಬರು ಯಾರೆಂದು ನಾನು ಕೇಳಲೇ ಇಲ್ಲ. ಸಾಹೇಬರು ಮಂಡಿನೋವಿಗೆ ಎಣ್ಣೆ ಹಚ್ಚಿ, ಪಟ್ಟಿ ಸುತ್ತಿಕೊಂಡು ನನ್ನ ಹೊಲಗಳನ್ನೆಲ್ಲ ನಡೆದಿದ್ದರು. ನಿವೃತ್ತಿಯ ದಿನ ಕುರ್ಚಿಯಿಂದ ಏಳಲು ಅವರಿಗೆ ಎರಡು ಕೈ ಬೇಕಾಯಿತು, ಅದರಲ್ಲೊಂದು ನನ್ನದು. ಆಗ ಅವರು ಅಂದದ್ದು ಇಷ್ಟೇ: "ಆ ಕೀಲಿ ನಿನ್ನ ಹತ್ರಾನೇ ಇರ್ಲಿ. ಯಾರಿಗಾದ್ರೂ ಬೇಕಾಗ್ತದೆ. ಕೇಳಿದಾಗ ಕೊಡು."

ಅವರ ಜಾಗಕ್ಕೆ ನಾನು ಬಂದೆ. ತಂಡವನ್ನು ಸೊರಬಕ್ಕೆ ಸ್ಥಳಾಂತರ ಮಾಡಿದರು. ಕಟ್ಟುಗಳೆಲ್ಲ ಲಾರಿಯಲ್ಲಿ ಬಂದವು, ಹಳೆಯ ಬೀಗವನ್ನೇ ಹೊಸ ರೂಮಿಗೂ ಹಾಕಿಸಿದೆ. ಅದೇ ವರ್ಷ ಶಿವಮೊಗ್ಗದಲ್ಲಿ ನಮ್ಮಂಥ ಮುಖ್ಯಸ್ಥರಿಗೆ ಎರಡು ದಿನದ ತರಬೇತಿ ಇತ್ತು. ಕೈಕೆಳಗಿನವರ ಮನಸ್ಸಿನ ಒತ್ತಡ ಕಡಿಮೆ ಮಾಡುವುದು ಹೇಗೆ ಎಂಬ ವಿಷಯ. ಕಣ್ಣು ಮುಚ್ಚಿಸಿ ಉಸಿರು ಎಳೆಸಿದರು, ಪಕ್ಕದವರ ಕೈ ಹಿಡಿದು ಗಟ್ಟಿಯಾಗಿ ನಗಲು ಹೇಳಿದರು. ನನ್ನ ಪಕ್ಕದ ಅಧಿಕಾರಿ ಕಣ್ಣು ಮುಚ್ಚಿದವರು ಊಟದ ಗಂಟೆಗೇ ತೆರೆದದ್ದು. ಆದರೂ ನಾನು ಉತ್ಸಾಹದಿಂದ ವಾಪಸ್ಸು ಬಂದೆ. ಒತ್ತಡ ಅನ್ನುವ ಮಾತು ಸಿಕ್ಕಿತಲ್ಲ, ತೊಗರ್ಸಿಯ ಹೊಲದಲ್ಲಿ ನನ್ನನ್ನು ಕೆಡವಿದ್ದಕ್ಕೆ ಒಂದು ಹೆಸರು.

ಬಂದವನೇ ಹೊಸ ನಿಯಮ ಮಾಡಿದೆ. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕೂತು ಊಟ, ಆಗ ಬಾಗಿಲು ಹಾಕಬೇಕು. ಹೊಲದಿಂದ ಬಂದವನು ಮರುದಿನ ಅರ್ಧ ದಿನ ಕಚೇರಿಯಲ್ಲೇ ಕೂರಬೇಕು. ಶನಿವಾರ ಕಷ್ಟಸುಖ ಹೇಳಿಕೊಳ್ಳುವ ಸಭೆ. ಸರಪಳಿ ಹಿಡಿಯುವ ನಮ್ಮ ಚೈನ್‌ಮನ್ ಹೊಸಬಾಳೆ ಕಡೆಯವನು, ವಯಸ್ಸಾದವನು, ಬಾಯಿಗೆ ಬೀಗವಿಲ್ಲ. ಅವನು ಮೊದಲ ಶನಿವಾರವೇ, "ಕಷ್ಟ ಹೇಳಿದ್ರೆ ಎಂತ ಮಾಡ್ತ್ರಿ ಮಾರಾಯ್ರೆ, ಬರ್ಕಳ್ತ್ರಾ?" ಎಂದು ಕೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಬರೆದುಕೊಳ್ಳುವುದನ್ನು ಬಿಟ್ಟು ಇನ್ನೇನು ಮಾಡಬೇಕೆಂದು ನನಗೂ ಹೊಳೆದಿರಲಿಲ್ಲ.

ಊಟದ ಹೊತ್ತಿಗೆ ಬಾಗಿಲು ಹಾಕಿದರೆ ಜನ ಕಿಟಕಿಗೆ ಬಂದು ನಿಂತರು. ಕಿಟಕಿ ಹಾಕಿದರೆ ಮೇಲಿನವರಿಗೆ ದೂರು ಕೊಟ್ಟರು. ಮೇಲಿನವರು ತಿಂಗಳ ಗುರಿ ಏರಿಸಿದರು. ಅರ್ಧ ದಿನ ಕೂತವನ ಅಳತೆ ಯಾರಾದರೂ ಮಾಡಲೇಬೇಕಲ್ಲ. ಕೆಲಸ ಕರಗುವುದಿಲ್ಲ, ಒಂದು ಹೆಗಲಿಂದ ಇಳಿದದ್ದು ಇನ್ನೊಂದು ಹೆಗಲಿಗೆ ಏರುತ್ತದೆ, ಅಷ್ಟೇ. ನಮ್ಮಲ್ಲಿ ಅದು ಏರಿದ್ದು ಶಿಕಾರಿಪುರದ ಹುಡುಗನ ಹೆಗಲಿಗೆ. ಹುಡುಗ ಅಂದೆ, ಮೂವತ್ತೈದು ದಾಟಿದ್ದ ಸರ್ವೆಯರ್. ಹೆಂಡತಿ ಶಿಕಾರಿಪುರದಲ್ಲಿ ಶಾಲೆ ಮೇಡಂ. ಇವನು ಸೊರಬದಲ್ಲಿ ರೂಮು ಮಾಡಿಕೊಂಡು ಶನಿವಾರದ ಬಸ್ಸಿಗೆ ಮನೆಗೆ ಹೋಗುತ್ತಿದ್ದ. ಇಲ್ಲ ಅನ್ನುವ ಮಾತು ಅವನ ಬಾಯಲ್ಲಿ ಹುಟ್ಟಿಯೇ ಇರಲಿಲ್ಲ. ಮೆತ್ತಗಿದ್ದವರಿಗೆ ಮತ್ತೊಂದು ಗುದ್ದು ಅನ್ನುವಂತೆ, ಎಲ್ಲರ ಆರಾಮದ ಬಾಕಿಯೂ ಅವನ ಮೇಜಿಗೆ ಹೋಗಿ ಕೂರುತ್ತಿತ್ತು. ಕಳಿಸುತ್ತಿದ್ದವನು ನಾನು.

ಅವನಷ್ಟು ಶುದ್ಧವಾದ ಅಳತೆಯವನನ್ನು ನಾನು ನೋಡಿಲ್ಲ. ಉಳಿದವರು ಇದ್ದಿಲು ಹಾಕುವುದನ್ನು ಆಗಲೇ ಬಿಟ್ಟಿದ್ದರು, ನಾನು ಹೇಳಿದರೆ ಹಳೇ ಕಾಲದ ಮಾತು ಎಂದು ನಗುತ್ತಿದ್ದರು. ಅವನು ಮಾತ್ರ ಹೆಗಲಿಗೆ ಒಂದು ಸಣ್ಣ ಕೈಚೀಲ ಹಾಕಿಕೊಂಡು ಹೋಗುತ್ತಿದ್ದ. ಅದರಲ್ಲಿ ಹೋಟೆಲಿನ ಒಲೆಯಿಂದ ಕೇಳಿ ತಂದ ಇದ್ದಿಲು. ಅವನ ಅಂಗಿಗಳಿಗೆಲ್ಲ ಬಲಗಡೆ ಸೊಂಟದ ಹತ್ತಿರ ಒಂದು ಕಪ್ಪು ಕಲೆ ಇರುತ್ತಿತ್ತು. "ನಾಳೆ ನಾನಿರಾಂಗಿಲ್ರಿ ಸಾರ್, ಇದ್ದಿಲು ಇರ್ತೈತಿ" ಅನ್ನುತ್ತಿದ್ದ. ಅವನ ನಕ್ಷೆಗೆ ಸಹಿ ಹಾಕುವಾಗ ನಾನು ಎರಡನೆಯ ಸಲ ನೋಡುತ್ತಲೇ ಇರಲಿಲ್ಲ.

ಅವನು ಶನಿವಾರದ ಬಸ್ಸು ಬಿಟ್ಟದ್ದು ನನಗೆ ಗೊತ್ತಾಯಿತು. ಊಟದ ಡಬ್ಬಿ ತೆರೆದು, ಮುಚ್ಚಿ, ಹಾಗೇ ಇಡುವುದು ಕಾಣಿಸಿತು. ಚೈನ್‌ಮನ್ ಒಂದು ದಿನ ಬಂದು ಯಾರಿಗೂ ಕೇಳದ ಹಾಗೆ ಹೇಳಿದ: "ಅವ್ರಿಗೆ ಎಣ್ಕೆ ತಪ್ತಾ ಇದೆ ಮಾರಾಯ್ರೆ. ನಾನೇ ಎಣ್ಸಿ ಹೇಳ್ತಿದೀನಿ. ಹೊರಗೆ ಗೊತ್ತಾಗದು ಬ್ಯಾಡ." ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಆ ಕಾಯಿಲೆ ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ನಾನು ತಲೆಯಾಡಿಸಿ, "ಸರಿ, ನೋಡೋಣ" ಅಂದೆ.

ಒಂದು ಜನವರಿಯ ಮಧ್ಯಾಹ್ನ ಆ ಹುಡುಗ ರೆಕಾರ್ಡ್ ರೂಮಿನ ಹೊಸ್ತಿಲಲ್ಲಿ ಬಂದು ನಿಂತ. ನಾನು ಒಳಗೆ ಕೂತು ಯಾವುದೋ ಊರಿನ ಕಟ್ಟಿಗೆ ಅಂಟು ಹಚ್ಚುತ್ತಿದ್ದೆ. ಇದನ್ನು ಇಲ್ಲೇ ಹೇಳಿಬಿಡಬೇಕು. ಆರು ತಿಂಗಳ ಔಷಧಿಯನ್ನು ನಾನು ಆಗಲೇ ಮೂರು ವರ್ಷದಿಂದ ಕುಡಿಯುತ್ತಿದ್ದೆ. ತಂಡದ ಯಜಮಾನ ನಾನು, ಅಳೆದದ್ದನ್ನು ಹೊಲಕ್ಕೆ ಹೋಗಿ ತಾಳೆ ನೋಡಬೇಕಾದವನು. ಸೊರಬಕ್ಕೆ ಬಂದ ಮೇಲೆ ಒಂದು ಸಲವೂ ಸರಪಳಿ ಎಣಿಸಿರಲಿಲ್ಲ. ಬೆಳಗ್ಗೆ ಹಾಜರಿ ನೋಡಿ, ಕಡತ ಹಂಚಿ, ಈ ರೂಮಿಗೆ ಬಂದು ಬಾಗಿಲು ಅರ್ಧ ಎಳೆದುಕೊಳ್ಳುತ್ತಿದ್ದೆ. ದಾಖಲೆ ರಕ್ಷಣೆ ಬಹಳ ಮುಖ್ಯ ಎಂದು ಎಲ್ಲರಿಗೂ ಹೇಳಿದ್ದೆ.

"ಸಾರ್, ಒಂದು ಮಾತಿತ್ರಿ" ಅಂದ.

"ಹೇಳಪ್ಪ."

"ನಂಗೂ ಒಂದ್ ಆರು ತಿಂಗ್ಳು ಈ ರೂಮು ಕೊಡ್ರಿ. ನೀವು ಹಿಂದೆ ಇದ್ದಂಗ. ಹೊಲಕ್ಕೆ ಹೋಗಾಕ ಆಗವಲ್ದು. ಬೆಳಗ್ಗೆ ಸರಪಳಿ ಚೀಲ ಎತ್ತಿದ್ರ ವಾಂತಿ ಬಂದಂಗ ಆಗ್ತೈತ್ರಿ."

ನಾನು ಕುಂಚವನ್ನು ಅಂಟಿನ ಬಟ್ಟಲಲ್ಲಿ ಇಟ್ಟೆ. ಜೇಬಿನಲ್ಲಿ ಬೀಗದ ಕೈ ಇತ್ತು. ಅವನು ಕೇಳಿದ್ದ, ಕೇಳಿದಾಗ ಕೊಡು ಎಂದು ಹಿರಿಯರೂ ಹೇಳಿದ್ದರು. ಕೈ ಜೇಬಿಗೆ ಹೋಗಬೇಕಿತ್ತು, ಹೋಗಲಿಲ್ಲ.

"ನಿನ್ನ ಕಷ್ಟ ನನಗೆ ಗೊತ್ತು ಮಾರಾಯ, ನಾನೂ ಅನುಭವಿಸಿದವನು" ಎಂದು ಶುರು ಮಾಡಿದೆ. ಬೇಗ ಮಲಗು ಅಂದೆ. ಮಜ್ಜಿಗೆ ಜಾಸ್ತಿ ಕುಡಿ ಅಂದೆ. ಶಿವಮೊಗ್ಗದಲ್ಲಿ ಕಲಿತ ಉಸಿರಾಟ ತೋರಿಸಿಕೊಟ್ಟೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಅವನು ಹೊಸ್ತಿಲಲ್ಲೇ ನಿಂತು, ನಾನು ಹೇಳಿದಂತೆ ಮೂರು ಸಲ ಉಸಿರು ಎಳೆದು ಬಿಟ್ಟ. ಮೂರು ದಿನ ರಜೆ ಹಾಕು ಅಂದೆ. ಕೊನೆಗೆ, "ಮಾರ್ಚ್ ಒಂದು ಮುಗೀಲಿ, ಆಮೇಲೆ ಖಂಡಿತ ಕೂರಿಸ್ತೀನಿ" ಅಂದೆ.

"ಹೂಂ ಸಾರ್. ಮಾರ್ಚ್ ಮುಗೀಲಿ" ಅಂದು ಹೋದ. ಅವನಿಗೆ ಇಲ್ಲ ಅನ್ನಲು ಬರುತ್ತಿರಲಿಲ್ಲ ಎಂದೆನಲ್ಲ. ಇಲ್ಲ ಅನ್ನಿಸಿಕೊಂಡರೂ ಸುಮ್ಮನೆ ಹೋಗಲು ಬರುತ್ತಿತ್ತು.

ನನಗೆ ಹೆದರಿಕೆಯಿತ್ತು, ಬೇರೇನೂ ಅಲ್ಲ. ಅವನು ಒಳಗೆ ಕೂತರೆ ಅವನ ಹೊಲಗಳಿಗೆ ನಾನು ಹೋಗಬೇಕು. ಹಿರಿಯರು ಮಂಡಿಗೆ ಪಟ್ಟಿ ಸುತ್ತಿಕೊಂಡು ಹೋಗಿದ್ದ ಹಾಗೆ. ಮತ್ತೆ ಏಳಕ್ಕೆ ನಿಂತುಹೋದರೆ? ಮತ್ತೆ ಜನರ ಎದುರು ಕೂತರೆ? ಆ ಬಾಗಿಲಿನ ಆಚೆಗೆ ಕಾಲಿಟ್ಟರೆ ನಾನು ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಗಿ ಅನ್ನಿಸಿತ್ತು. ಹುಷಾರಾದವನು ಅಂತ ನನ್ನನ್ನು ಎಲ್ಲರೂ ತೋರಿಸುತ್ತಿದ್ದರು. ನಾನು ಹುಷಾರಾಗಿರಲಿಲ್ಲ, ಅಡಗಿ ಕೂತಿದ್ದೆ.

ಫೆಬ್ರವರಿಯಲ್ಲಿ ಉಳವಿಯ ಒಂದು ತಕರಾರು ಅವನಿಗೆ ಕೊಟ್ಟೆ. ಅಣ್ಣ ತಮ್ಮ ಇಬ್ಬರು, ಪಕ್ಕಪಕ್ಕದ ಗದ್ದೆ, ನಡುವಿನ ಗಡಿ ಎಲ್ಲಿ ಎಂದು ಎರಡು ವರ್ಷದಿಂದ ಜಗಳ. ಹೋದ ಇಬ್ಬರು ಸರ್ವೆಯರುಗಳನ್ನೂ ಬೈದು ಕಳಿಸಿದ್ದರು. ಇವನು ಹೋಗಿ ಒಂದೇ ವಾರದಲ್ಲಿ ಕಲ್ಲು ನೆಡಿಸಿ, ಇಬ್ಬರಿಂದಲೂ ಒಪ್ಪಿಗೆಯ ಸಹಿ ತಂದ. ನಾನು ರೂಮಿನಲ್ಲೇ ಕೂತು ನಕ್ಷೆಗಳ ಕೆಳಗೆ "ಸ್ಥಳ ಪರಿಶೀಲಿಸಿದೆ, ಸರಿಯಿದೆ" ಎಂದು ಬರೆದು ಸಹಿ ಹಾಕಿದೆ. ಊಟದ ಹೊತ್ತಿಗೆ ಎಲ್ಲರ ಮುಂದೆ ಅವನನ್ನು ಹೊಗಳಿದೆ. ಮನಸ್ಸು ಮಾಡಿದರೆ ಒತ್ತಡ ಎಲ್ಲಿರುತ್ತದೆ, ಇವನನ್ನು ನೋಡಿ ಕಲಿಯಿರಿ ಅಂದೆ. ಚಪ್ಪಾಳೆ ತಟ್ಟಿದರು. ಅವನು ಡಬ್ಬಿಯ ಮುಚ್ಚಳ ನೋಡುತ್ತಾ ಕೂತಿದ್ದ. ಆ ದಿನ ಅವನ ಅಂಗಿಯಲ್ಲಿ ಕಪ್ಪು ಕಲೆ ಇರಲಿಲ್ಲ. ಅದನ್ನು ನಾನು ನೋಡಿದ್ದೆ, ಅಂಗಿ ಹೊಸದು ಅಂದುಕೊಂಡೆ.

ಮಾರ್ಚ್ ಮುಗಿಯಿತು. ಅವನು ಮತ್ತೆ ಕೇಳಲಿಲ್ಲ. ನಾನೂ ನೆನಪಿಸಲಿಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದು ಉಳುಮೆ ಶುರುವಾದ ದಿನ ಉಳವಿಯಲ್ಲಿ ಅಣ್ಣನ ನೇಗಿಲು, ತಮ್ಮನ ನೇಗಿಲು ಒಂದೇ ತುಂಡು ನೆಲಕ್ಕೆ ಇಳಿದವು. ಇಬ್ಬರೂ ತಮ್ಮ ತಮ್ಮ ಕಲ್ಲು ತೋರಿಸಿದರು. ಒಂದು ಗಡಿಗೆ ಎರಡು ಸಾಲು ಕಲ್ಲು, ನಡುವೆ ಎಂಟು ಹೆಜ್ಜೆ ಅಂತರ. ಹುಲ್ಲಿನಲ್ಲಿ ಅದುವರೆಗೆ ಯಾರಿಗೂ ಎದ್ದು ಕಂಡಿರಲಿಲ್ಲ. ನಮ್ಮ ಹುಡುಗ ಒಂದು ದಿನ ಅಣ್ಣನನ್ನು ಒಬ್ಬನನ್ನೇ ಕರೆದು ಅವನು ಹೇಳಿದಲ್ಲಿ ಕಲ್ಲು ನೆಡಿಸಿದ್ದ. ಇನ್ನೊಂದು ದಿನ ತಮ್ಮನನ್ನು ಕರೆದು ಅವನು ಹೇಳಿದಲ್ಲಿ. ಇಬ್ಬರಿಗೂ ಬೇರೆ ಬೇರೆ ನಕ್ಷೆ ಬರೆದಿದ್ದ, ಎರಡರಲ್ಲೂ ಜಮೀನು ದೊಡ್ಡದಾಗಿತ್ತು. ಎರಡನ್ನೂ ಕೂಡಿಸಿ ಟಿಪ್ಪಣಿಗೆ ತಾಳೆ ನೋಡಿದ್ದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಿತ್ತು. ಆ ಟಿಪ್ಪಣಿಯ ಕಟ್ಟು ನಾನು ಕೂತಿದ್ದ ಕುರ್ಚಿಯಿಂದ ಕೈಗೆಟಕುವ ದೂರದಲ್ಲಿತ್ತು. ಅದರ ಅಂಚಿಗೆ ನಾನೇ ಬಟ್ಟೆ ಅಂಟಿಸಿದ್ದೆ.

ದೂರು ಮೇಲಕ್ಕೆ ಹೋಯಿತು. ಆಗ ಮಾತ್ರ ನಾನು ಹೊಲಕ್ಕೆ ಹೋದೆ, ಬೇರೆ ದಾರಿ ಇರಲಿಲ್ಲ. ಚೈನ್‌ಮನ್ ಹಾರೆ ಹಿಡಿದು ಬಂದ. ಮೊದಲ ಕಲ್ಲು ಕೀಳಿಸಿದೆ. ಬುಡದಲ್ಲಿ ಬರೀ ಮಣ್ಣು. ಎರಡನೆಯದು, ಮೂರನೆಯದು, ಆಚೆ ಸಾಲಿನದು, ಎಲ್ಲವನ್ನೂ ಕೀಳಿಸಿದೆ. ಒಂದರ ಕೆಳಗೂ ಚೂರು ಇದ್ದಿಲು ಇರಲಿಲ್ಲ. ಇವು ಸುಳ್ಳು ಕಲ್ಲು ಎಂದು ನೆಡಿಸಿದವನಿಗೆ ಗೊತ್ತಿತ್ತು. ಬುದ್ಧಿ ಕೆಟ್ಟು ಮಾಡಿದ್ದಲ್ಲ, ಮೋಸಕ್ಕೆ ಮಾಡಿದ್ದಂತೂ ಅಲ್ಲ. ಇಷ್ಟೆಲ್ಲ ಸುಳ್ಳು ನೆಟ್ಟವನು ಸುಳ್ಳಿಗೆ ಸಾಕ್ಷಿ ಹಾಕಲು ಮಾತ್ರ ಒಪ್ಪಿರಲಿಲ್ಲ.

"ನಾನು ಆವತ್ತೇ ಕೇಳ್ದೆ ಮಾರಾಯ್ರೆ, ಇದೆಂತ ಮಾಡ್ತಿದೀರಿ ಅಂತ" ಅಂದ ಚೈನ್‌ಮನ್. "ಇಬ್ರೂ ಬೈಯದಿದ್ರೆ ಸಾಕು, ಮನಿಗೆ ಹೋಗಣ ಅಂದ್ರು."

"ನನಗ್ಯಾಕೆ ಹೇಳಲಿಲ್ಲ?"

"ಒಂದ್ಸಲ ಹೇಳಿದ್ನಲ, ಎಣ್ಕೆ ತಪ್ತದೆ ಅಂತ. ನೀವು ನೋಡೋಣ ಅಂದ್ರಿ." ಅವನು ಗುಂಡಿಗಳನ್ನು ಒಂದೊಂದಾಗಿ ಮುಚ್ಚತೊಡಗಿದ.

ಮೇಲಿನವರು ನನಗೆ ಲಿಖಿತ ಸಮಜಾಯಿಷಿ ಕೇಳಿದರು. ಬರೆಯಲು ಕೂತಾಗ ಎರಡು ದಾರಿ ಇತ್ತು. ಈ ಮನುಷ್ಯ ಕಾಯಿಲೆ ಬಿದ್ದಿದ್ದ, ನನ್ನನ್ನು ಬಿಡುವು ಕೇಳಿದ್ದ, ನಾನು ಕೊಡಲಿಲ್ಲ, ಸ್ಥಳಕ್ಕೂ ಹೋಗದೆ ಸಹಿ ಹಾಕಿದೆ ಎಂದು ಬರೆಯಬಹುದಿತ್ತು. ನಾನು ಬರೆದದ್ದು ಬೇರೆ. "ಸದರಿ ಭೂಮಾಪಕರು ಸುಳ್ಳು ನಕ್ಷೆ ಸಲ್ಲಿಸಿ ನನ್ನನ್ನು ತಪ್ಪುದಾರಿಗೆ ಎಳೆದಿರುತ್ತಾರೆ." ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿದ ಕತೆ. ಅಕ್ಷರ ಬಹಳ ದುಂಡಗೆ ಬಂದಿತ್ತು. ಅವನನ್ನು ಅಮಾನತು ಮಾಡಿದರು. ನನಗೆ ಒಂದು ಎಚ್ಚರಿಕೆಯ ಪತ್ರ ಬಂತು. ಅವನ ಮೇಜಿನ ಕಡತಗಳನ್ನು ಉಳಿದವರಲ್ಲಿ ಎಲ್ಲರಿಗಿಂತ ಮೆತ್ತಗಿದ್ದವನಿಗೆ ಕಳಿಸಿದೆ.

ಮೂರು ತಿಂಗಳಾದ ಮೇಲೆ ಶಿಕಾರಿಪುರಕ್ಕೆ, ಅಮಾನತಾದ ಹುಡುಗನ ಮನೆಗೆ ಹೋದೆ. ಯಾಕೆ ಹೋದೆನೋ, ಸಮಾಧಾನ ಹೇಳಲಿಕ್ಕೋ, ಹೇಳಿಸಿಕೊಳ್ಳಲಿಕ್ಕೋ. ಭಾನುವಾರ ಬೆಳಗ್ಗೆ. ಅವನು ಕಟ್ಟೆಯ ಮೇಲೆ ಕೂತಿದ್ದ. ತೆಳ್ಳಗಾಗಿದ್ದ, ಗಡ್ಡ ಬಿಟ್ಟಿದ್ದ. ನನ್ನನ್ನು ಕಂಡು ತಟ್ಟನೆ ಎದ್ದು ನಿಂತ, ಕಚೇರಿಯಲ್ಲಿ ನಿಲ್ಲುತ್ತಿದ್ದ ಹಾಗೆ. "ಬರ್ರಿ ಸಾರ್, ಕುಂದ್ರಿ" ಅಂದ. ಹೇಗಿದ್ದೀಯ ಎಂದು ಕೇಳಿದೆ. "ಆರಾಮ್ ಅದೀನ್ರಿ" ಅಂದ. ಅವನ ಬೆರಳುಗಳು ಮಡಿಲಲ್ಲಿ ಏನನ್ನೋ ಎಣಿಸುತ್ತಿದ್ದವು. ಹೆಬ್ಬೆರಳು ಒಂದೊಂದೇ ಬೆರಳಿನ ಮೇಲೆ ಹೋಗಿ, ನಡುವೆ ಎಲ್ಲೋ ನಿಂತು, ಮತ್ತೆ ಮೊದಲಿನಿಂದ ಶುರು ಮಾಡುತ್ತಿತ್ತು.

ಅವನ ಹೆಂಡತಿ ಚಹಾ ತಂದುಕೊಟ್ಟರು. ಸಿಟ್ಟು ಇರಲಿಲ್ಲ, ಪಾಠ ಹೇಳುವವರ ಸಮಾಧಾನದ ದನಿ.

"ಒಂದು ಕೇಳ್ತೀನ್ರಿ, ತಪ್ಪು ತಿಳೀಬ್ಯಾಡ್ರಿ. ಆ ರೂಮು ಈಗಲೂ ಖಾಲಿ ಐತೇನ್ರಿ? ಇವ್ರಿಗೆ ನೌಕರಿ ವಾಪಸ್ ಬರ್ಲಿ, ಬರದೇ ಇರ್ಲಿ. ಪಗಾರ ಬ್ಯಾಡ. ಸುಮ್ನ ಅಲ್ಲಿ ಒಂದಿಷ್ಟು ದಿನ ಹಾಳೆ ಅಂಟಿಸ್ತಾ ಕುಂದ್ರಾಕ ಬಿಡ್ತೀರೇನ್ರಿ? ನಿದ್ದಿಯೊಳಗೂ ಅದನ್ನ ಕೇಳ್ತಾರ."

ಅವನು ಹೆಂಡತಿಯ ಕಡೆ ತಿರುಗಿದ. "ಸುಮ್ನಿರು. ಸಾಹೇಬ್ರಿಗೆ ಅದು ಬೇಕಾಗ್ತೈತಿ. ಅವ್ರಿಗೂ ಆರಾಮಿಲ್ಲ" ಅಂದ.

ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಹೊಸ್ತಿಲಲ್ಲಿ ನಿಂತು ಉಸಿರು ಎಳೆದು ಬಿಟ್ಟ ದಿನವೂ ಗೊತ್ತಿತ್ತು, ಗೊತ್ತಿದ್ದೇ ತಿರುಗಿ ಹೋಗಿದ್ದ. ಜೇಬಿಗೆ ಕೈ ಹಾಕಿದೆ. ಬೀಗದ ಕೈ ಸಿಕ್ಕಿತು. ಅದನ್ನು ಅವನ ಮುಂದೆ ಇಟ್ಟು ಏನಾದರಾಗಲಿ ಎಂದು ಬರಬೇಕು ಅನ್ನಿಸಿದ್ದು ನಿಜ, ಅದನ್ನು ಯಾರೂ ಸುಳ್ಳು ಅನ್ನುವ ಹಾಗಿಲ್ಲ. ಅಮಾನತಾದವನನ್ನು ದಾಖಲೆಯ ರೂಮಿಗೆ ಬಿಡಲು ಕಾನೂನು ಒಪ್ಪುವುದಿಲ್ಲ ಅನ್ನುವುದೂ ನಿಜ. ಆ ಎರಡನೆಯ ನಿಜ ನನ್ನ ಸಹಾಯಕ್ಕೆ ಎಷ್ಟು ಬೇಗ ಓಡಿಬಂತು ಎಂಬುದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ. "ನೋಡೋಣಮ್ಮ, ಮೇಲೆ ಕೇಳ್ತೀನಿ" ಅಂದು ಚಹಾ ಮುಗಿಸಿದೆ. ಅವನು ಬಸ್ ಸ್ಟ್ಯಾಂಡಿನವರೆಗೂ ಬಂದು, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, ಕೈ ಮುಗಿದು ಹೋದ.

ಮರುದಿನ ಹತ್ತೂವರೆಗೆ ಹಾಜರಿ ನೋಡಿದೆ, ಕಡತ ಹಂಚಿದೆ. ಆಮೇಲೆ ರೆಕಾರ್ಡ್ ರೂಮಿನ ಬೀಗ ತೆಗೆದು ಒಳಗೆ ಹೋಗಿ, ಬಾಗಿಲು ಅರ್ಧ ಎಳೆದುಕೊಂಡು ಕೂತೆ.